ಹೊಸತೊಡಕಿಗೆ ಬಂದ ಶಾಸಕರು

ನಮ್ಮಪ್ಪ ಸೇಡಿನ ಮನುಷ್ಯ. ನಾನು ಅವರ ಮಗಳೇ ಹೌದು ಎಂಬುದಕ್ಕೆ ಸಾರಕ್ಕಿಯಲ್ಲಿ ಯಾರೂ ಸಾಕ್ಷಿ ಕೇಳಲಿಲ್ಲ.

ಆಗ ನಮ್ಮೂರಿನ್ನೂ ಊರೇ. ಜಯನಗರದ ಹೊಸ ಬೀದಿಗಳು ದೂರದಲ್ಲಿ ಕಾಣುತ್ತಿದ್ದವು, ನಮ್ಮ ಕಡೆ ರಾಗಿ ಹೊಲ. ಕೆರೆಯ ತೂಬು ಒಡೆದು ನೀರು ಪೋಲಾಗುತ್ತಿತ್ತು. ರಿಪೇರಿಗೆ ಸರ್ಕಾರದಿಂದ ಹಣ ಕೊಡಿಸಿ ಎಂದು ಕೇಳಲು ಅಪ್ಪ ವಿಲ್ಸನ್ ಗಾರ್ಡನ್‌ನಲ್ಲಿದ್ದ ಶಾಸಕರ ಮನೆಗೆ ಹೊರಟರು. ಪಟ್ಟಣ ನೋಡುವ ಆಸೆಗೆ ನಾನೂ ಬೆನ್ನು ಹತ್ತಿದೆ. ಬೆಳಿಗ್ಗೆ ಹೋದವರನ್ನು ಮಧ್ಯಾಹ್ನದವರೆಗೆ ಜಗುಲಿಯಲ್ಲೇ ಕೂರಿಸಿದರು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನನ್ನ ಗಂಟಲು ಒಣಗಿತ್ತು; ಒಂದು ಲೋಟ ನೀರು ಕೊಟ್ಟವರಿಲ್ಲ. ಕೊನೆಗೆ ಶಾಸಕರು ಕೈ ಒರೆಸಿಕೊಳ್ಳುತ್ತ ಬಂದು, ಹತ್ತು ಜನರೆದುರು, “ಏನಯ್ಯ, ನಿಂದೇನು? ಹೋಗು ಹೋಗು, ಆಮೇಲೆ ನೋಡೋಣ” ಅಂದರು. ಅಪ್ಪ ಅವರಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು.

ಅಪ್ಪ ನನ್ನ ಕೈ ಹಿಡಿದು ಊರಿಗೆ ವಾಪಸ್ ಹೊರಟರು. ಊರ ಬಾವಿಯಲ್ಲಿ ನೀರು ಸೇದಿ ನನಗೆ ಕುಡಿಸಿದ ಮೇಲೆ, “ಇವ್ನು ನನ್ ಬಾಗ್ಲಿಗೆ ಬರ್ಲಿ ಒಂದಿನ” ಅಂದರು.

ಆ ಶಾಸಕರ ಬಗ್ಗೆ ಒಳ್ಳೆಯ ಮಾತಾಡಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಆದರೂ ಇದ್ದದ್ದನ್ನು ಹೇಳಬೇಕು. ನಮ್ಮೂರಿಗೊಂದು ಮಿಡ್ಲ್ ಸ್ಕೂಲ್ ಬೇಕೆಂದು ಅವರು ವಿಧಾನಸೌಧದಲ್ಲಿ ಮೇಜಿನಿಂದ ಮೇಜಿಗೆ ಅಲೆದು ಅನುದಾನ ಮಂಜೂರು ಮಾಡಿಸಿದ್ದರು. ಜಾಗ ಮಾತ್ರ ಊರಿನವರೇ ದಾನ ಕೊಡಬೇಕು, ಒಪ್ಪಿಗೆ ಪತ್ರ ಮಾರ್ಚ್ ಮುಗಿಯುವುದರೊಳಗೆ ಕಚೇರಿ ಸೇರಬೇಕು, ಇಲ್ಲದಿದ್ದರೆ ಹಣ ವಾಪಸ್. ಎಂಜಿನಿಯರ್ ಕಣ್ಣಿಗೆ ಬಿದ್ದದ್ದು ಕೆರೆ ಏರಿಯ ಪಕ್ಕದ ನಮ್ಮ ಅರ್ಧ ಎಕರೆ.

ಹಾಗಂತ ಬಂದ ಕಾಗದವನ್ನು ಅಪ್ಪನಿಗೆ ಓದಿ ಹೇಳಿದವಳು ನಾನೇ. ಮನೆಯಲ್ಲಿ ಓದು ಬರುತ್ತಿದ್ದದ್ದು ನಾಲ್ಕನೇ ಕ್ಲಾಸಿನ ನನಗೊಬ್ಬಳಿಗೆ. ನಮ್ಮೂರ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಈ ಸ್ಕೂಲು ಬಂದರೇ ಉಂಟು. ಅದು ನನಗೆ ಗೊತ್ತಿತ್ತು. ಆದರೆ ಆ ಗಡುವು ಶಾಸಕರ ತಲೆನೋವು ಎಂದುಕೊಂಡಿದ್ದೆ. ಅವರ ಕಡೆಯವರು ಮೂರು ಸಲ ಬಂದರು. ಅಪ್ಪ ಹಿತ್ತಲಲ್ಲಿ ಬೀಡಿ ಸೇದುತ್ತಿರುವಾಗಲೇ, “ಅಪ್ಪ ಮನೇಲಿಲ್ಲ” ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಎಂಥ ಖುಷಿ ಆಗುತ್ತಿತ್ತು ಅಂತೀರಿ!

ಮಾರ್ಚ್ ತಿಂಗಳ ಕೊನೆಯ ದಿನ ಶಾಸಕರೇ ಬಂದರು. ಅಂದು ಯುಗಾದಿಯ ಮಾರನೆಯ ದಿನ, ಹೊಸತೊಡಕು. ಅಂದು ಮಾಡಿದ್ದೇ ವರ್ಷವಿಡೀ ನಡೆಯುತ್ತದೆ ಎಂಬುದು ನಮ್ಮ ಜನರ ನಂಬಿಕೆ. ಹೊಟ್ಟೆ ಬಿರಿಯುವಂತೆ ಬಾಡೂಟ ಉಣ್ಣಬೇಕು. ಮನೆಯಿಂದ ಏನನ್ನೂ ಆಚೆ ಕೊಡಬಾರದು, ಪಕ್ಕದ ಮನೆಗೆ ಹಿಡಿ ಉಪ್ಪನ್ನೂ.

“ಬನ್ನಿ ಸ್ವಾಮಿ, ಮೊದ್ಲು ನೀರು ಕುಡೀರಿ” ಎಂದು ಅಪ್ಪ ತಾವೇ ಚೊಂಬು ಹಿಡಿದರು. ಮುದ್ದೆ, ಕೈಮ, ಚಾಪ್ಸು, ಮತ್ತೆ ಮುದ್ದೆ. ಶಾಸಕರು ಕಾಗದ ತೆಗೆದಾಗಲೆಲ್ಲ ಅಪ್ಪ, “ಉಂಡಾದ್ಮೇಲೆ ಮಾತು” ಅನ್ನುತ್ತ ಬಡಿಸಿದರು. ಕೈ ತೊಳೆದ ಮೇಲೆ ಕಾಗದ ಚಾಪೆಯ ಮೇಲೆ ಬಂತು.

“ಇವತ್ತು ಹೊಸತೊಡಕು” ಅಂದರು ಅಪ್ಪ. “ಇವತ್ತು ಭೂಮಿ ಕೊಟ್ರೆ ವರ್ಷವೆಲ್ಲ ಕೊಡ್ತಾನೇ ಇರ್ಬೇಕಾಗ್ತದೆ. ನೀವೂ ನಮ್ಮೋರೇ, ನಿಮ್ಗೆ ಹೇಳ್ಬೇಕಾ? ನಾಳೆ ಬನ್ನಿ.”

“ನಾಳೆ ಬಂದ್ರೆ ಏನ್ ಬಂತು? ದುಡ್ಡು ಇವತ್ತಿಗೆ ವಾಪಸ್ ಹೋಗ್ತದೆ!”

“ಆಮೇಲೆ ನೋಡೋಣ ಬಿಡಿ” ಅಂದರು ಅಪ್ಪ.

ಶಾಸಕರಿಗೆ ಆಗ ಅಪ್ಪನ ಗುರುತು ಹತ್ತಿತು. ಮುಖ ಕಪ್ಪಿಟ್ಟಿತು. ಹೊರಡುವಾಗ ನನ್ನ ಕಡೆ ತಿರುಗಿ, “ಎಷ್ಟನೇ ಕ್ಲಾಸವ್ವ?” ಎಂದು ಕೇಳಿದರು. “ನಾಲ್ಕು” ಅಂದೆ. ಅವರು ಅಪ್ಪನ ಮುಖವನ್ನೊಮ್ಮೆ ನೋಡಿ ಕಾರು ಹತ್ತಿದರು. ಅವರ ಬೆನ್ನ ಹಿಂದೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಹಣ ವಾಪಸ್ ಹೋಯಿತು, ಸ್ಕೂಲು ಬರಲಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಅಪ್ಪ ನನಗೊಂದು ಕುಡುಗೋಲು ತಂದುಕೊಟ್ಟರು. ಜಯನಗರದಷ್ಟು ದೂರದ ಸ್ಕೂಲಿಗೆ ಹೆಣ್ಣುಮಗಳನ್ನು ಕಳಿಸುವುದು ಹೇಗೆ ಎಂದರು. ನಾನು ಅಳಲಿಲ್ಲ. ಹುಲ್ಲು ಕುಯ್ಯುತ್ತ ಕುಯ್ಯುತ್ತ ಒಳಗೇ ಕುದ್ದೆ. ನೀರು ಕೊಡದವನ ಮೇಲಿದ್ದ ಸಿಟ್ಟೆಲ್ಲ, ನೀರು ಸೇದಿ ಕುಡಿಸಿದವರ ಮೇಲೆ ತಿರುಗಿತು.

ಎರಡು ವರ್ಷದ ಮೇಲೆ ಇನ್ನೊಂದು ಸರ್ಕಾರಿ ಕಾಗದ ಬಂತು. ಅಪ್ಪ ತಂದು ನನ್ನ ಕೈಗಿಟ್ಟರು. ಕೆರೆ ಏರಿ ಪಕ್ಕದ ಹೊಲವೂ ಸೇರಿ ನಮ್ಮ ಜಮೀನೆಲ್ಲ ಬಡಾವಣೆಗೆ ಬೇಕು, ತಕರಾರಿದ್ದರೆ ಮೂವತ್ತು ದಿನದೊಳಗೆ ಬರೆದು ಕೊಡಬೇಕು ಎಂದಿತ್ತು. ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಮನಸ್ಸಿನಲ್ಲೇ ಓದಿಕೊಂಡೆ.

“ಏನಂತೆ ಮಗಾ?”

“ಗೊತ್ತಿಲ್ಲಪ್ಪ” ಎಂದು ಮಡಚಿ ವಾಪಸ್ ಕೊಟ್ಟೆ. “ನಾಲ್ಕನೇ ಕ್ಲಾಸಿಗೆ ಇಷ್ಟೆಲ್ಲ ಓದೋಕೆ ಬರಲ್ಲ.”

ಅಪ್ಪ ಅದನ್ನು ನಂಬಿದರು. ಬೇರೆಯವರ ಕೈಲಿ ಓದಿಸುವ ಹೊತ್ತಿಗೆ ಮೂವತ್ತು ದಿನ ಮುಗಿದಿತ್ತು.