ಮನೆಮನೆಯಿಂದ ವಾಪಸ್ ಬಂದ ಚಾವಣಿ

ಸೂರ್ಯನಿಗೂ ಊರಿನ ಹುಂಜಕ್ಕೂ ಮೊದಲು ಎದ್ದು ಚಾವಣಿ ಹತ್ತುವವಳು ಹೆಂಚಕ್ಕ. ಹಳೆಯ ರೈಲು ನಿಲ್ದಾಣದ ತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಅಲ್ಲಿಂದ ಅರ್ಧ ಭೂಮಂಡಲ ಕಾಣುತ್ತದೆ. ಉಳಿದರ್ಧಕ್ಕೆ ನೀರಿನ ಟ್ಯಾಂಕು ಅಡ್ಡ ಬಂದಿದೆ. ಕೆಳಗೆ ಏಣಿ ಹಿಡಿದಿರುವವನು ಗಂಡ. ಎತ್ತರವೆಂದರೆ ಅವನಿಗೆ ಎಂಥ ಭಯವೆಂದರೆ, ಮಣೆಯ ಮೇಲೆ ಕೂತರೂ ತಲೆ ತಿರುಗುತ್ತದೆ.

“ಅವ್ರು ಏಣಿ ಹಿಡ್ಕೊಂಡಿದ್ದಾರೆ ಅಂದ್ಕೋಬೇಡಿ,” ಎನ್ನುತ್ತಾಳೆ. “ಏಣಿನೇ ಅವ್ರನ್ನ ಹಿಡ್ಕೊಂಡಿದೆ.”

ಮುತ್ತಜ್ಜಂದಿರ ಕಾಲದ ಈ ನಿಲ್ದಾಣದಲ್ಲಿ ರೈಲುಗಳು ನಿಲ್ಲುವುದನ್ನು ಬಿಟ್ಟು ಬಹಳ ವರ್ಷಗಳಾದವು. ಅಂದಿನಿಂದ ಊರಿನವರ ಕೈ ಸುಮ್ಮನಿರಲಿಲ್ಲ. ಒಬ್ಬರು ಕೊಟ್ಟಿಗೆಗೆ ನಾಲ್ಕು ಹೆಂಚು ಒಯ್ದರು, ಮತ್ತೊಬ್ಬರು ಬಚ್ಚಲಿಗೆ. ಕೇಳುವವರಿಲ್ಲದ ಮಾಲು ಊರಿಗೆಲ್ಲ ಮಾಲು. ಬೆಳಗಿನ ನಡಿಗೆಗೆ ಎಲ್ಲರೂ ನಿಲ್ದಾಣದ ಪಕ್ಕದಲ್ಲೇ ಹೋಗುತ್ತಾರೆ, ಮುಖ ಮಾತ್ರ ಆ ಕಡೆ ತಿರುಗಿಸುವುದಿಲ್ಲ. ತಮ್ಮ ಬಚ್ಚಲು ನೆನಪಾಗುತ್ತದೆ.

ಈಚೆಗೆ ರೈಲ್ವೆ ಎಂಜಿನಿಯರ್ ಬಂದು ಹೇಳಿದ್ದಿಷ್ಟು: ಚಾವಣಿ ಮುಚ್ಚಿದ್ದರೆ ಕಟ್ಟಡ ಉಳಿಯುತ್ತದೆ, ಇಲ್ಲವಾದರೆ ಕೆಡವುತ್ತೇವೆ. ಅವರು ಮತ್ತೆ ಬರುವುದು ಈ ಸೋಮವಾರ. ಈಗಿನ ಹೆಂಚು ತೊಲೆಗಳ ಮೇಲಿನ ಹಳೆಯ ಮರದ ರೀಪಿಗೆ ಕೂರುವುದಿಲ್ಲ. ಹಾಗಾಗಿ ಹೆಂಚು ಹೊದಿಸುವುದನ್ನೇ ಕಸುಬಾಗಿಸಿಕೊಂಡಿರುವ ಈಕೆ ಮನೆಮನೆಗೆ ನಡೆದಳು. ನಿಲ್ದಾಣದ ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದರೆ ಕಂಚಿನ ದನಿ, ಮೂರು ಊರಿಗೆ ಕೇಳುತ್ತದೆ. ಆಮೇಲೆ ಯಾರೂ ಇಲ್ಲವೆನ್ನುವ ಹಾಗಿಲ್ಲ. ಹೆಂಚು ತೆಗೆದ ಜಾಗಕ್ಕೆ ತಗಡು ಹಾಕಿಕೊಟ್ಟಳು.

“ಬೈದು ಕೇಳಿದ್ರೆ ಒಬ್ರೂ ಕೊಡ್ತಿರಲಿಲ್ಲ. ‘ಇಷ್ಟು ವರ್ಷ ಜೋಪಾನವಾಗಿ ಇಟ್ಕೊಂಡಿದ್ರಲ್ಲ, ಪುಣ್ಯ ಬರ್ಲಿ’ ಅಂದೆ. ಅವ್ರೇ ಏಣಿ ತಂದ್ರು.”

ಉಳಿದದ್ದು ಟಿಕೆಟ್ ಕಿಟಕಿಯ ಮೇಲಿನ ಒಂದು ತೂತು. ಅದರ ಹೆಂಚುಗಳಿರುವುದು ಆಕೆಯದೇ ಮನೆಯಲ್ಲಿ, ಅತ್ತೆಯ ಅಡುಗೆಮನೆಯ ಮೇಲೆ. ಅತ್ತೆ ಬಾಯಿ ತೆರೆದರೆ ರೈಲಿನ ಸಿಳ್ಳೆ ನಾಚಿ ಹಳಿ ತಪ್ಪಬೇಕು.

“ತಗಡು ಹಾಕಿದ್ರೆ ಮಳೇಲಿ ನನ್ನ ಮಾತು ಯಾರಿಗೆ ಕೇಳ್ಸುತ್ತೆ?” ಎಂದು ಕೇಳಿದರಂತೆ ಅತ್ತೆ.

“ಅದಕ್ಕೇ ಅತ್ತೆ, ಮೊದಲು ನಿಮ್ಮದನ್ನೇ ತೆಗೀಬೇಕಿತ್ತು,” ಎಂದಳಂತೆ ಸೊಸೆ.

ಎರಡು ದಿನ ಅತ್ತೆ ಮೌನ. ಆ ಎರಡು ದಿನ ಗಂಡ ಸ್ವರ್ಗದಲ್ಲಿದ್ದ.

ನಾವು ಹೆಂಚಕ್ಕನ ಜೊತೆ ಈ ಮಾತಾಡುತ್ತಿರುವಾಗಲೇ ಹಳಿ ಪಕ್ಕದ ದಾರಿಯಲ್ಲಿ ಒಂದು ಮೆರವಣಿಗೆ ಕಾಣಿಸುತ್ತದೆ. ಮುಂದೆ ಅತ್ತೆ, ಕಂಕುಳಲ್ಲಿ ಹೆಂಚು. ಹಿಂದೆ ನಡಿಗೆಗೆಂದು ಹೊರಟವರು, ಅವರ ಕೈಯಲ್ಲೂ ಒಂದೊಂದು. ಪಕ್ಕದ ಮನೆಯವನನ್ನು ಅಡುಗೆಮನೆಯ ಮೇಲೆ ಹತ್ತಿಸಿ ಅತ್ತೆ ಎಲ್ಲವನ್ನೂ ಇಳಿಸಿ ತಂದಿದ್ದಾರೆ.

“ಹಿಡ್ಕೊಳ್ಳೋ,” ಎಂದು ಮಗನಿಗೆ ದಾಟಿಸುತ್ತಾರೆ. “ಊರೆಲ್ಲ ಕೊಟ್ಟ ಮೇಲೆ ನಾನೊಬ್ಬಳೇ ಕಳ್ಳಿ ಅನ್ನಿಸ್ಕೋಬೇಕಾ? ತಗಡೇ ಹಾಕ್ಸು. ಮಳೆಗಿಂತ ಜೋರಾಗಿ ಮಾತಾಡೋಕೆ ನನಗೆ ಬರುತ್ತೆ.”

“ಅದು ಗೊತ್ತು ಅತ್ತೆ,” ಎಂಬ ಉತ್ತರ ಮೇಲಿನಿಂದ.

ಹೆಂಚು ಕೊಡಲು ಗಂಡ ಎರಡು ಮೆಟ್ಟಿಲು ಏರುತ್ತಾನೆ. ಮನುಕುಲದ ಇತಿಹಾಸದಲ್ಲಿ ಇದೇ ಮೊದಲು. ಕೊನೆಯ ಹೆಂಚು ರೀಪಿಗೆ ಕೊಕ್ಕೆ ಹಾಕಿಕೊಂಡು ಕೂರುತ್ತಿದ್ದಂತೆ ಟಿಕೆಟ್ ಕಿಟಕಿಯ ಮೇಲೆ ಬಿದ್ದಿದ್ದ ಬಿಸಿಲು ಮಾಯ. ಸೋಮವಾರ ಎಂಜಿನಿಯರ್ ತಲೆ ಎತ್ತಿದರೆ ಆಕಾಶ ಕಾಣುವುದಿಲ್ಲ.

ಅಷ್ಟರಲ್ಲಿ ಬೆಳಗಿನ ರೈಲು ಎಂದಿನಂತೆ ನಿಲ್ಲದೆ ಓಡಿಹೋಗುತ್ತದೆ.

“ನಿಲ್ಲೋದು ಬೇಡ, ಅದಕ್ಕೂ ಕೆಲಸ ಇರುತ್ತೆ,” ಎನ್ನುತ್ತಾಳೆ ಹೆಂಚಕ್ಕ, ಕೈಯ ಧೂಳು ಕೊಡವುತ್ತ. “ಹೋಗ್ತಾ ಡ್ರೈವರು ಒಂದ್ಸಲ ಈ ಕಡೆ ನೋಡಿದ್ರೆ ಸಾಕು.”