ಬೀರುವಿನ ಹಿಂದಿನ ಗೋಡೆ

ನಮ್ಮ ಬೀದಿಯ ತಟ್ಟಕ್ಕ ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಾಳೆ, ಆಮೇಲೆ ಮನೆಯವರನ್ನು. ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ ಕಿವಿ ಕೊಡುತ್ತಾಳೆ. ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಬಿಡುವ ಆಸೆಯವರು ಮುಂಗಡ ಕೊಡುವ ಮೊದಲು ಅವಳನ್ನು ಕರೆದೊಯ್ಯುತ್ತಾರೆ. ಅವಳು ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ನೋಡುತ್ತಾಳೆ, ನೆಲದ ಮೇಲೆ ಗೋಲಿ ಉರುಳಿಸುತ್ತಾಳೆ, ಏಣಿ ಹತ್ತಿ ತೊಲೆಗೆ ಚೂರಿ ಚುಚ್ಚುತ್ತಾಳೆ. ಹೊಸ ಬಣ್ಣದ ವಾಸನೆ ಬಂದರಂತೂ ಮುಗಿಯಿತು, ಬಿರುಬೇಸಿಗೆಯಲ್ಲಿ ಕೋಟು ತೊಟ್ಟವನನ್ನು ಕಂಡ ಪೊಲೀಸಿನವನಂತೆ ಹುಬ್ಬೇರಿಸುತ್ತಾಳೆ.

ಈ ವಿದ್ಯೆಯನ್ನು ಅವಳು ಹೊಟ್ಟೆಪಾಡಿಗೆ ಕಲಿತದ್ದಲ್ಲ, ಹೊಟ್ಟೆಯುರಿಗೆ ಕಲಿತದ್ದು.

ಅವಳ ಒಡಹುಟ್ಟಿದ ಅಣ್ಣನೂ ಮನೆ ವ್ಯಾಪಾರದವನೇ. ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದ ಗಣ್ಯ. ಇರುವುದು ಕುಳ್ಳಾದರೂ ಪ್ರತಿ ಬಾಗಿಲಲ್ಲೂ ತಲೆ ತಗ್ಗಿಸಿಯೇ ನುಗ್ಗುತ್ತಾನೆ. ಆಗಷ್ಟೇ ಸಂಸಾರ ಹೂಡಿದ್ದ ತಂಗಿಗೆ ಹಳೆ ಮನೆಯೊಂದಕ್ಕೆ ಬಣ್ಣ ಹೊಡೆಸಿ ಮಾರಿದ.

"ಯಾರಿಗಾದ್ರೂ ಒಂದ್ಸಲ ತೋರಿಸ್ಲಾ ಅಣ್ಣಾ?"

"ಅಣ್ಣ ಕೊಡೋ ಮನೆಗೂ ಪರೀಕ್ಷೇನಾ? ನಾಳೆ ನಾನು ಅಣ್ಣ ಹೌದೋ ಅಲ್ವೋ ಅಂತ್ಲೂ ಪರೀಕ್ಷೆ ಮಾಡಿಸ್ತೀಯಾ?"

ಮೊದಲ ಮಳೆಗೇ ಮಲಗುವ ಕೋಣೆಯ ಗೋಡೆ ಹಾವು ಪೊರೆ ಬಿಟ್ಟಂತೆ ಸುಲಿದುಕೊಂಡಿತು. ಸುಲಿದದ್ದು ಅಣ್ಣ ಪುಕ್ಕಟೆಯಾಗಿ ಬಿಟ್ಟುಹೋಗಿದ್ದ ದೊಡ್ಡ ಬೀರುವಿನ ಹಿಂದೆ. ಅವನ ಔದಾರ್ಯದ ಅರ್ಥ ಆಗ ತಿಳಿಯಿತು. ಅಳುತ್ತಾ ಹೋಗಿ ಕೇಳಿದರೆ, ಕೂತಿದ್ದ ನೆಂಟರ ಮುಂದೆಯೇ ನಕ್ಕುಬಿಟ್ಟ. "ಮನುಷ್ಯರು ಬೆವರಲ್ವೇನೇ? ಹಂಗೇ ಗೋಡೆನೂ ಬೆವರುತ್ತೆ. ಒರೆಸ್ಕೋ!" ನೆಂಟರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆಯ ತೇವವನ್ನು ತಟ್ಟಕ್ಕ ಹೇಗೋ ಆರಿಸಿದಳು. ಆ ನಗುವನ್ನು ಮಾತ್ರ ಹಸಿಯಾಗಿಯೇ ಇಟ್ಟುಕೊಂಡಳು.

ವರ್ಷಗಳ ಮೇಲೆ ಅಣ್ಣನಿಗೆ ದೊಡ್ಡ ಆಸೆ ಹುಟ್ಟಿತು. ಮುಖ್ಯರಸ್ತೆಯ ಹಳೆ ಮಹಡಿ ಮನೆ ಕೊಂಡು, ಕೋಣೆ ಕೋಣೆಯನ್ನೂ ಬಾಡಿಗೆಗೆ ಬಿಟ್ಟು, ಕೂತು ಉಣ್ಣಬೇಕೆಂದು. ಅದಕ್ಕಾಗಿ ತಾನಿದ್ದ ಮನೆಯನ್ನೂ ಮಾರಿಬಿಟ್ಟ. ಒಳಗೊಳಗೇ ಅಳುಕು. ಬೇರೆ ಯಾರನ್ನಾದರೂ ಕರೆದರೆ ಕಾಸು ಕೇಳುತ್ತಾರಲ್ಲ, ತಂಗಿಗೇ ಹೇಳಿಕಳಿಸಿದ.

ತಟ್ಟಕ್ಕನ ಗಂಡ ಕುಣಿದಾಡಿದ. "ಮನೆ ಹಾಳಾಗಿದ್ರೆ ಭೇಷಾಗಿದೆ ಅಂದ್ಬಿಡು. ಬೀಳ್ಲಿ ಹಳ್ಳಕ್ಕೆ!"

"ಸುಳ್ಳು ಹೇಳಿ ನನ್ನ ಹೆಸರು ಯಾಕ್ರೀ ಕೆಡಿಸ್ಕೊಳ್ಲಿ? ನಿಜಾನೇ ಹೇಳ್ತೀನಿ. ಅವನಿಗೆ ಅದೇ ಸಾಕು."

ಮಹಡಿ ಮನೆಯ ನಡುಕೋಣೆಯಲ್ಲಿ ಆನೆಯಂಥ ಬೀರು ಗೋಡೆಗೆ ಆತು ನಿಂತಿತ್ತು. ಅವಳು ಅದರ ಪಕ್ಕದಲ್ಲಿ ತಟ್ಟಿದಳು, ಸಂದಿಗೆ ಮೂಗಿಟ್ಟಳು. ಬೀರು ಸರಿಸಿ ಎಂದರೆ ಮನೆಯೊಡೆಯ ಕಾಲು ಮುರಿಯುತ್ತದೆ ಎಂದ. ಯಾರ ಕಾಲು ಎಂದು ಹೇಳಲಿಲ್ಲ. ಏಣಿ ಹತ್ತಿ ಇಳಿದವಳು ಅಣ್ಣನನ್ನು ಹೊರಗಿನ ಮೆಟ್ಟಿಲಿಗೆ ಕರೆತಂದು, ದಲ್ಲಾಳಿಗೂ ಪಕ್ಕದ ಮನೆಯವರಿಗೂ ಕೇಳುವಂತೆ ಹೇಳಿದಳು.

"ಬೇಡ ಅಣ್ಣಾ. ಬೀರು ಹಿಂದಿನ ಗೋಡೆ ನೀರು ಕುಡಿದಿದೆ. ತೊಲೆ ಒಳಗೆ ಪೊಳ್ಳು. ತಗೋಬೇಡ."

ಒಂದಕ್ಷರವೂ ಸುಳ್ಳಲ್ಲ. ಕೊನೆಯಲ್ಲಿ ಒಂದೇ ಒಂದು ಚಿಟಿಕೆ ಸೇರಿಸಿದಳು: ಸ್ವಲ್ಪ ನಕ್ಕಳು. ಅವತ್ತು ನೆಂಟರ ಮುಂದೆ ಅವನು ನಕ್ಕಿದ್ದ ಹಾಗೆ.

ಕಪ್ಪು ಕನ್ನಡಕದೊಳಗಿಂದಲೂ ಅಣ್ಣನಿಗೆ ಅದು ಕಂಡಿತು. "ಓಹೋ! ಹಳೇ ಸಿಟ್ಟು ತೀರಿಸ್ಕೊಳ್ತಿದೀಯಾ? ನನ್ನ ಕೈ ತಪ್ಪಿಸಿ ನಿನ್ನ ಗಿರಾಕಿಗೆ ಕೊಡಿಸೋ ಉಪಾಯ! ನನ್ನ ಕಿವಿಗೇ ಹೂವು ಇಡ್ತೀಯೇನೇ?"

"ನಿನ್ನ ಕಾಲಿಗೆ ಬೀಳ್ತೀನಿ, ಬೇಡ ಕಣೋ!"

"ಇಷ್ಟು ಬೇಡ ಅಂತಿದೀಯ ಅಂದ್ರೆ ಮನೆ ಚಿನ್ನವೇ!"

ಸಂಜೆಯೊಳಗೆ ಮುಂಗಡ ಕೊಟ್ಟ. ಸುಳ್ಳನಿಗೆ ನಿಜ ಹೇಳುವುದಕ್ಕಿಂತ ದೊಡ್ಡ ಮೋಸವಿಲ್ಲ.

ಮಳೆ ಹಿಡಿಯಿತು. ಬಾಡಿಗೆದಾರರು ಹಾಸಿಗೆ ಸುತ್ತಿಕೊಂಡು ಒಬ್ಬೊಬ್ಬರೇ ಹೊರಟರು. ಹೋಗಲು ಬೇರೆ ಮನೆಯಿಲ್ಲದ ಅಣ್ಣ ಬೀರುವಿನ ಜೊತೆ ಉಳಿದ. ಒಂದು ದಿನ ತಂಗಿಯ ಮನೆಗೆ ಬಂದ. ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಮರೆತಿದ್ದ, ಕನ್ನಡಕವೂ ಇರಲಿಲ್ಲ.

"ಸ್ವಲ್ಪ ಗಟ್ಟಿಯಾಗಿ ಹೇಳ್ಬಾರ್ದಿತ್ತೇನೇ?"

"ಬೀದಿಗೆಲ್ಲ ಕೇಳಿಸ್ತಲ್ಲಣ್ಣ."

"ಹೋಗ್ಲಿ, ಈಗೇನು ಮಾಡ್ಲಿ ಹೇಳು."

ತಟ್ಟಕ್ಕ ಒಳಗೆ ಹೋಗಿ ಒಂದು ಹಳೆ ಟವೆಲ್ಲು ತಂದು, ನೀಟಾಗಿ ಮಡಚಿ, ಅವನ ಕೈಗಿಟ್ಟಳು. "ಒರೆಸ್ಕೋ."

ಆ ಹೊತ್ತಿಗೆ ಮನೆಯಲ್ಲಿ ಒಬ್ಬ ನೆಂಟನೂ ಇರಲಿಲ್ಲ. ಅದೊಂದು ಕೊರಗು ಮಾತ್ರ ಅವಳಿಗೆ ಇವತ್ತಿಗೂ ಉಳಿದಿದೆ.