ಮುಚ್ಚಿಕೊಂಡ ಹವಳಗಳು

ನವುಲೆಯ ನಮ್ಮ ಮನೆಯಲ್ಲಿ, ದೇವರಕೋಣೆಯ ಎದುರಿನ ಸಣ್ಣ ಕೋಣೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕಾದ ಊರಿನಲ್ಲಿ ಇದೇನು ಹುಚ್ಚು ಎಂದು ಕೇಳದ ನೆಂಟರಿಲ್ಲ. ಅದರಲ್ಲಿ ಮೀನು ಎರಡೇ. ನನಗೆ ಮುಖ್ಯವಾದದ್ದು ಕಲ್ಲಿಗೆ ಅಂಟಿಕೊಂಡ ಮೃದು ಹವಳ. ಅಂಗಿಯ ಗುಂಡಿಯಷ್ಟು ಅಗಲದ, ಪುಟ್ಟ ಹೂವಿನಂತೆ ಕಾಣುವ ಅದರ ಪಾಲಿಪ್‌ಗಳು ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಅರಳಿ ಹಸಿರು ಅಂಚು ತೋರಿಸುತ್ತವೆ. ಏನಾದರೂ ಹಿಡಿಸದಿದ್ದರೆ ಮುದುಡಿ ಕೂರುತ್ತವೆ. ಥೇಟ್ ನಿನ್ನ ಹಾಗೇ ಎಂದು ನನ್ನ ಗಂಡ ಚುಡಾಯಿಸುವುದುಂಟು.

ಮೊದಲ ತುಂಡು ಕೊಟ್ಟವರು ಭದ್ರಾವತಿಯ ನನ್ನ ತವರುಮನೆಯ ಬೀದಿಯ ಹಿರಿಯರೊಬ್ಬರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ತಮಿಳರು. ನೀರು ಆವಿಯಾದಷ್ಟು ಸಿಹಿನೀರನ್ನು ದಿನಾ ತುಂಬಿಸಬೇಕು, ಉಪ್ಪು ಏರಬಾರದು ಎಂದು ಹೇಳಿಕೊಟ್ಟವರೂ ಅವರೇ. ಅದಕ್ಕೆಂದೇ ಫಿಲ್ಟರ್ ನೀರಿನ ಕ್ಯಾನುಗಳನ್ನು ಅಕ್ವೇರಿಯಂ ಕೆಳಗೆ ಇಟ್ಟಿರುತ್ತೇನೆ.

ಹೋದ ಮಳೆಗಾಲದ ಕೊನೆಯಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಹತ್ತು ದಿನ ಭದ್ರಾವತಿಯಲ್ಲಿದ್ದು, ಅಲ್ಲಿಂದಲೇ ಮಾಚೇನಹಳ್ಳಿಯ ಎರಕದ ಕಾರ್ಖಾನೆಯ ಕೆಲಸಕ್ಕೆ ಓಡಾಡಿದೆ. ಹವಳವನ್ನು ಮಾವನಿಗೆ ಒಪ್ಪಿಸಿದ್ದೆ. ಸಂಸ್ಕೃತ ಮೇಷ್ಟರಾಗಿದ್ದ ಮಾವ, ಅತ್ತೆ ತೀರಿಕೊಂಡ ಮೇಲೆ ಸಂಜೆಯೆಲ್ಲ ಆ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

"ಗಾಜಿನ ಮೇಲೆ ಗೆರೆ ಹಾಕಿದೀನಿ ಮಾವ. ಅಲ್ಲೀವರೆಗೆ ನೀರು ತುಂಬಿಸಿದ್ರೆ ಸಾಕು," ಎಂದೆ.

"ಅಷ್ಟೇ ತಾನೆ? ನೀನು ನಿಶ್ಚಿಂತೆಯಿಂದ ಹೋಗ್ಬಾಮ್ಮ," ಎಂದರು.

ವಾಪಸು ಬಂದಾಗ ಒಂದು ಪಾಲಿಪ್ ಕೂಡ ತೆರೆದಿರಲಿಲ್ಲ. ಉಪ್ಪು ಅಳೆದೆ, ಬಿಸಿ ನೋಡಿದೆ, ದೀಪ ತಗ್ಗಿಸಿದೆ. ಎಲ್ಲ ಸರಿಯಿತ್ತು, ಹವಳ ಮಾತ್ರ ಮುಚ್ಚಿಕೊಂಡೇ ಇತ್ತು. ಸೊಳ್ಳೆಗೆ ಸ್ಪ್ರೇ ಹೊಡೆದಿರಬೇಕು ಎಂದು ಗಂಡನ ಮೇಲೆ ಹರಿಹಾಯ್ದೆ. ಪಾಪ, ಅವರು ಹೊಡೆದಿರಲಿಲ್ಲ. ನಾಲ್ಕನೆಯ ದಿನ ಕಲ್ಲಿನ ಒಂದು ಬದಿಯ ಪಾಲಿಪ್‌ಗಳು ಕರಗತೊಡಗಿದವು. ಅಳು ಬಂತು. ಫೋಟೋ ತೆಗೆದುಕೊಂಡು ಭದ್ರಾವತಿಯ ಹಿರಿಯರ ಬಳಿಗೆ ಹೋದೆ.

ಅವರು ಬಹಳ ಹೊತ್ತು ನೋಡಿದರು. "ಉಪ್ಪು ಸರಿ ಇದೆ ಅಂತೀರಾ. ಮೇಲಿಂದ ಹಾಕಿದ ನೀರು ಯಾವ ಪಾತ್ರೆದಮ್ಮ?"

"ಕ್ಯಾನಿಂದು."

"ನೀವು ಊರಲ್ಲಿ ಇರ್ಲಿಲ್ವಲ್ಲ. ಹಾಕಿದವ್ರನ್ನ ಕೇಳಿ ನೋಡಿ."

ಮನೆಗೆ ಬಂದು ಬಗ್ಗಿ ನೋಡಿದರೆ, ವಾಪಸು ಬಂದ ಮೇಲೆ ನಾನೇ ಒಡೆದದ್ದನ್ನು ಬಿಟ್ಟರೆ, ಉಳಿದ ಯಾವ ಕ್ಯಾನಿನ ಸೀಲೂ ಒಡೆದಿರಲಿಲ್ಲ. ಮಾವನನ್ನು ಕೇಳಿದೆ.

"ಆ ಪ್ಲಾಸ್ಟಿಕ್ ನೀರು ಯಾಕೆ ಅಂತ ನನ್ನ ಬಿಂದಿಗೆದೇ ಹಾಕ್ದೆ. ಜೀವ ಇರೋವಲ್ವೇನಮ್ಮ," ಎಂದರು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

ಅದು ತಾಮ್ರದ ಬಿಂದಿಗೆ. ಪ್ರತಿ ಸಂಜೆ ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿ, ನೀರು ತುಂಬಿಟ್ಟು, ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಅದರ ನೀರನ್ನೇ ಅವರು ಕುಡಿಯುವುದು. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ನೀರು ಅವರ ಪಾಲಿಗೆ ಇಲ್ಲ. ಹವಳಕ್ಕೆ ಮಾತ್ರ ತಾಮ್ರದ ಸೋಂಕು ತಗಲಿದರೂ ವಿಷ. ಎರಕದ ಕಬ್ಬಿಣದಲ್ಲಿ ತಾಮ್ರ ಎಷ್ಟಿದೆ ಎಂದು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ಹಾಗಿದ್ದೂ ಯಾವ ನೀರು ಎಂದು ಅವರಿಗೆ ಬಿಡಿಸಿ ಹೇಳಿರಲಿಲ್ಲ. ತಪ್ಪು ನನ್ನದೆಂದು ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದಕ್ಕೇ ಸಿಟ್ಟು ನೆತ್ತಿಗೇರಿತು.

"ನಿಮ್ಮ ಮಡಿಯಿಂದ್ಲೇ ಅವು ಸಾಯ್ತಿರೋದು. ಇನ್ಮೇಲೆ ಇದನ್ನ ಮುಟ್ಬೇಡಿ," ಎಂದುಬಿಟ್ಟೆ.

ಮಾವ ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಹೋದರು.

ಮುಂದಿನ ವಾರಗಳಲ್ಲಿ ಮತ್ತೆ ಮತ್ತೆ ನೀರು ಬದಲಿಸಿದೆ. ತಾಮ್ರ ಹೀರುವ ಪೊಟ್ಟಣ ತರಿಸಿ ಇಳಿಬಿಟ್ಟೆ. ಸತ್ತ ಪಾಲಿಪ್‌ಗಳನ್ನು ಕೈಗವಸು ಹಾಕಿಕೊಂಡು ತೆಗೆಯುವಾಗಲೆಲ್ಲ ಒಂದೇ ಯೋಚನೆ: ಮಾವ ತಾವು ಕುಡಿಯುವುದನ್ನೇ ಅವುಗಳಿಗೂ ಕೊಟ್ಟಿದ್ದರು. ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ, "ತಪ್ಪಾಯ್ತು ಮಾವ, ನಾನು ಹಾಗೆ ಅನ್ಬಾರ್ದಿತ್ತು," ಎಂದೆ. "ಅಯ್ಯೋ, ನೀನು ಅಂದಿದ್ದು ಸರಿಯಾಗೇ ಇದೆ ಬಿಡಮ್ಮ," ಎಂದು ಲೋಟ ತೆಗೆದುಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಐದನೆಯ ವಾರ, ಭಾನುವಾರ, ಉಳಿದ ಅರ್ಧ ಕಲ್ಲು ಅರಳಿತು. ಓಡಿಹೋಗಿ ಕರೆದೆ. "ಮಾವ, ಬನ್ನಿ, ತೆರ್ಕೊಂಡಿವೆ."

ಬಂದರು. ಹೊಸ್ತಿಲ ಆಚೆಯೇ ನಿಂತರು.

"ಒಳಗೆ ಬನ್ನಿ."

"ಬೇಡಮ್ಮ. ನನ್ನ ಕೈಲಿ ಇನ್ನೇನಿರುತ್ತೋ," ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಲ್ಲಿಂದಲೇ ಕತ್ತು ಚಾಚಿ, "ಚೆನ್ನಾಗಿ ಅರಳಿವೆ," ಎಂದರು. ಅವರು ಕನ್ನಡಕ ಹಾಕಿರಲಿಲ್ಲ. ಅಷ್ಟು ದೂರದಿಂದ ಅವರಿಗೆ ಏನೂ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು.